ಆಡುವ ಎಲೆ, ಕೂಡಿಡುವ ಎಲೆ

ಮನುಷ್ಯನ ಬಳಿ ಇರುವ ವಸ್ತುಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ನೇಗಿಲು, ಬಿಂದಿಗೆ, ಬೀಸುವ ಕಲ್ಲು ಇವು ಬಳಸತಕ್ಕವು. ಬಳಸದೆ ಮೂಲೆಗಿಟ್ಟರೆ ಅವುಗಳಿಗೆ ಅರ್ಥವಿಲ್ಲ. ತಾಮ್ರಶಾಸನ, ದೇವರ ಒಡವೆ, ಹಿರಿಯರ ಕೈಬರಹ ಇವು ಕಾಪಾಡತಕ್ಕವು. ದಿನನಿತ್ಯದ ಬಳಕೆಗೆ ತಂದರೆ ಉಳಿಯವು. ಇವೆರಡರ ನಡುವೆ ಮೂರನೆಯದೊಂದು ಬಗೆಯಿದೆ. ಒಬ್ಬನಿಗೆ ಅದು ಬಳಸುವ ವಸ್ತು. ಇನ್ನೊಬ್ಬನಿಗೆ ಅದೇ ಕೂಡಿಡುವ ವಸ್ತು. ಇಂಥದರ ವಿಷಯದಲ್ಲಿ ಜಗಳ ತಪ್ಪಿದ್ದಲ್ಲ. ಆಟದ ಎಲೆ, ಅಂದರೆ ಕಾರ್ಡು, ಇಂಥದೊಂದು ವಸ್ತು. ಅದರ ಜಗಳ ಎಂಥದು, ಅದನ್ನು ತೀರಿಸುವ ಬಗೆ ಯಾವುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಎಲೆಯೆಂದೊಡನೆ ಇಸ್ಪೀಟು ನೆನಪಾಗಿ, ಜೂಜಿನ ವಿಷಯವನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯಬಹುದೇ ಎಂದು ಗುರುಗಳು ಹುಬ್ಬೇರಿಸಬಾರದು. ಜೂಜಿನ ಮಾತೂ ಮುಂದೆ ಬರುತ್ತದೆ. ಆದರೆ ಅದನ್ನು ಹೊಗಳುವುದಕ್ಕಲ್ಲ.

ಮೊದಲು ವಿನಿಮಯದ ಎಲೆಯಾಟವೆಂದರೇನೆಂದು ತಿಳಿಯಬೇಕು. ಇಸ್ಪೀಟಿನ ಕಟ್ಟಿನಲ್ಲಿ ೫೨ ಎಲೆಗಳು. ವಡಗೇರಾದ ಅಂಗಡಿಯಲ್ಲಿ ಕೊಂಡ ಕಟ್ಟಿನಲ್ಲಿಯೂ ಲಂಡನ್ನಿನಲ್ಲಿ ಕೊಂಡ ಕಟ್ಟಿನಲ್ಲಿಯೂ ಅವೇ ನಾಲ್ಕು ಬಣ್ಣ, ಅವೇ ರಾಜ, ರಾಣಿ, ಗುಲಾಮ. ಬಡವನ ಎಕ್ಕಕ್ಕೂ ಶ್ರೀಮಂತನ ಎಕ್ಕಕ್ಕೂ ಬಲ ಒಂದೇ. ವಿನಿಮಯದ ಎಲೆಯಾಟ ಹಾಗಲ್ಲ. ಇದರಲ್ಲಿ ಸಾವಿರಾರು ಬೇರೆ ಬೇರೆ ಎಲೆಗಳಿರುತ್ತವೆ. ಪ್ರತಿ ಎಲೆಗೂ ಒಂದು ಚಿತ್ರ, ಒಂದು ಹೆಸರು, ಆಟದಲ್ಲಿ ಅದು ಮಾಡಬಲ್ಲ ಕೆಲಸದ ವಿವರ. ಇವುಗಳನ್ನು ಮುಚ್ಚಿದ ಪೊಟ್ಟಣಗಳಲ್ಲಿ ಮಾರುತ್ತಾರೆ. ಒಳಗೆ ಯಾವ ಎಲೆಯಿದೆಯೆಂದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಸಾಮಾನ್ಯ ಎಲೆಗಳು ಬಹಳ, ವಿರಳವಾದವು ಕೆಲವೇ. ಹೀಗೆ ದೊರೆತ ಎಲೆಗಳಿಂದಲೂ ಗೆಳೆಯರೊಡನೆ ಅದಲುಬದಲು ಮಾಡಿ ಪಡೆದ ಎಲೆಗಳಿಂದಲೂ ಆಟಗಾರನು ತನ್ನದೇ ಒಂದು ಕಟ್ಟನ್ನು ಕಟ್ಟಿಕೊಂಡು ಎದುರಾಳಿಯೊಡನೆ ಆಡುತ್ತಾನೆ.

ಈಗ ಜಗಳದ ಬೀಜ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ. ವಿರಳವಾದ ಎಲೆ ಆಟದಲ್ಲಿ ಬಲವುಳ್ಳದ್ದೂ ಆಗಿದ್ದರೆ ಆಟಗಾರನಿಗೆ ಅದು ಬೇಕೇ ಬೇಕು. ವಿರಳವೆಂಬ ಕಾರಣಕ್ಕೆ ಸಂಗ್ರಾಹಕನಿಗೂ ಬೇಕು. ಆಟಗಾರನು ಅದು ಅಗ್ಗವಾಗಲಿ, ಹೇರಳವಾಗಲಿ ಎನ್ನುತ್ತಾನೆ. ಸಂಗ್ರಾಹಕನು ಮತ್ತೊಂದು ಪ್ರತಿ ಅಚ್ಚಾಗದಿರಲಿ ಎನ್ನುತ್ತಾನೆ. ಒಬ್ಬನ ಹಾರೈಕೆ ಇನ್ನೊಬ್ಬನಿಗೆ ಶಾಪ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ದೊಡ್ಡಪ್ಪನ ಮಗನಿಗೆ ಈ ಎಲೆಗಳ ಹವ್ಯಾಸವುಂಟು. ಊರಿಗೆ ಬಂದಾಗ ಅವನು ತಂದಿದ್ದ ಪೆಟ್ಟಿಗೆಯನ್ನು ನಾನು ತೆರೆಯಹೋದೆ. "ಆ ಕಡೀ ಎಲಿ ಮುಟ್ಟಬ್ಯಾಡ ತಮ್ಮಾ, ಅದು ಆಡೋದಲ್ಲ, ಇಡೋದು" ಎಂದ. "ಆಡದಿದ್ರ ಅದಕ್ಕ ಎಲಿ ಅಂತ ಯಾಕಂತಾರಣ್ಣ?" ಎಂದು ಕೇಳಿದೆ. ಅವನು ನಕ್ಕನೇ ಹೊರತು ಉತ್ತರ ಕೊಡಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿ ತಿಳಿದುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಬಗೆಯ ಆಟಗಳಲ್ಲಿ ಮೊದಲು ಪ್ರಸಿದ್ಧಿಗೆ ಬಂದುದು ಅಮೆರಿಕದ 'ಮ್ಯಾಜಿಕ್: ದ ಗ್ಯಾದರಿಂಗ್'. ಗಣಿತಶಾಸ್ತ್ರದ ವಿದ್ವಾಂಸನಾದ ರಿಚರ್ಡ್ ಗಾರ್ಫೀಲ್ಡ್ ಇದನ್ನು ರಚಿಸಿದನು. 'ವಿಜರ್ಡ್ಸ್ ಆಫ್ ದ ಕೋಸ್ಟ್' ಎಂಬ ಸಂಸ್ಥೆ ೧೯೯೩ರಲ್ಲಿ ಹೊರತಂದಿತು. ಅದರ ಮೊಟ್ಟಮೊದಲ ಮುದ್ರಣದಲ್ಲಿ ವಿರಳವಾದ ಒಂದೊಂದು ಎಲೆಗೂ ಅಚ್ಚಾದ ಪ್ರತಿಗಳು ಸುಮಾರು ೧,೧೦೦ ಮಾತ್ರ. ಇಂದಿನ ಸಾಮಾನ್ಯ ಪದ್ಧತಿಯಂತೆ ಆಟಗಾರನು ೬೦ ಎಲೆಗಳ ಕಟ್ಟಿನಲ್ಲಿ ಒಂದೇ ಹೆಸರಿನ ನಾಲ್ಕು ಎಲೆಗಳನ್ನು ಇಟ್ಟುಕೊಳ್ಳಬಹುದು. ಆ ಲೆಕ್ಕ ಹಿಡಿದರೆ ೧,೧೦೦ ಪ್ರತಿಗಳು ೨೭೫ ಜನರಿಗೆ ಸಾಕಾಗುತ್ತವೆ. ಆಟ ಹರಡಿದುದೋ ಲಕ್ಷಾಂತರ ಜನರಲ್ಲಿ! ಅದೇ ವರ್ಷ ಇನ್ನೆರಡು ಮುದ್ರಣಗಳಾದರೂ ಬೇಡಿಕೆ ತೀರಲಿಲ್ಲ. ಬೆಲೆ ಏರಿತು.

೧೯೯೫ರಲ್ಲಿ ಆ ಸಂಸ್ಥೆ ಆಟಗಾರರ ಅನುಕೂಲಕ್ಕಾಗಿ 'ಕ್ರಾನಿಕಲ್ಸ್' ಎಂಬ ಸಂಚಯವನ್ನು ಹೊರತಂದು, ಹಿಂದಿನ ನೂರಕ್ಕೂ ಹೆಚ್ಚು ಎಲೆಗಳನ್ನು ಮತ್ತೆ ಅಚ್ಚುಹಾಕಿಸಿತು. ಆಟಗಾರರು ಹಿಗ್ಗಿದರು. ದುಬಾರಿ ಬೆಲೆಗೆ ಹಳೆಯ ಎಲೆಗಳನ್ನು ಕೊಂಡಿದ್ದ ಸಂಗ್ರಾಹಕರೂ ವ್ಯಾಪಾರಿಗಳೂ ತಮಗೆ ಮೋಸವಾಯಿತೆಂದು ಕೂಗೆಬ್ಬಿಸಿದರು. ಆ ಕೂಗಿಗೆ ಮಣಿದು ಸಂಸ್ಥೆ ೧೯೯೬ರಲ್ಲಿ ಒಂದು ವಚನವನ್ನು ಕೊಟ್ಟಿತು: ಇಂತಿಂಥ ಎಲೆಗಳನ್ನು ಇನ್ನೆಂದಿಗೂ ಅಚ್ಚುಹಾಕುವುದಿಲ್ಲ. ಇದನ್ನೇ 'ಮೀಸಲು ಪಟ್ಟಿ' ಎನ್ನುತ್ತಾರೆ. ಆ ಪಟ್ಟಿ ಇಂದಿಗೂ ಜಾರಿಯಲ್ಲಿದೆ. ಪರಿಣಾಮವೇನು? ಹಳೆಯ ಎಲೆಗಳು ಬೇಕಾಗುವ ಪಂದ್ಯಗಳಿಗೆ ಸೇರಲು ಹೊಸಬನೊಬ್ಬನು ಒಂದು ಮೋಟಾರು ಗಾಡಿಯ ಬೆಲೆ ತೆರಬೇಕಾಯಿತು. ಸಂಗ್ರಾಹಕರ ಭಯವನ್ನು ಕಳೆಯಲು ಕೊಟ್ಟ ಮಾತು ಆಟಗಾರರ ಬಾಗಿಲಿಗೆ ಬೀಗವಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಳೆಯ ಎಲೆ ಹೊಸದರಂತೆ ಉಳಿದಿದ್ದರೆ ಅದಕ್ಕೆ ಬೆಲೆ ಹೆಚ್ಚು. ಅಂಥ ಎಲೆ ಅಪರೂಪವೇಕೆ? ಉಳಿದವು ಆಟದಲ್ಲಿ ಸವೆದುಹೋದುದರಿಂದ. ೧೯೯೩ರಲ್ಲಿ ಬಹುಮಂದಿ ಹುಡುಗರು ಅವನ್ನು ಬರಿಯ ಮೇಜಿನ ಮೇಲೆ ಕಲಸಿ, ಹಂಚಿ, ಜೇಬಿನಲ್ಲಿ ತುರುಕಿಕೊಂಡು ಆಡಿದರು. ಎಲ್ಲರೂ ಮೊದಲ ದಿನವೇ ಪೆಟ್ಟಿಗೆಯಲ್ಲಿಟ್ಟಿದ್ದರೆ ಎಲ್ಲ ಎಲೆಗಳೂ ಹೊಸದರಂತೆಯೇ ಇರುತ್ತಿದ್ದವು; ಯಾವುದಕ್ಕೂ ವಿಶೇಷ ಬೆಲೆ ಬರುತ್ತಿರಲಿಲ್ಲ. ಅಷ್ಟೇ ಅಲ್ಲ, ಆ ಆಟ ಯಾರ ನೆನಪಿನಲ್ಲಿಯೂ ಇರುತ್ತಿರಲಿಲ್ಲ. ಆದುದರಿಂದ ಸಂಗ್ರಾಹಕನ ಪೆಟ್ಟಿಗೆಯೊಳಗಿನ ಐಶ್ವರ್ಯವೆಲ್ಲವೂ ಆಟಗಾರನ ಹೆಬ್ಬೆರಳಿನಿಂದ ಹುಟ್ಟಿದ್ದು. ಈ ಮಾತನ್ನು ಮರೆತರೆ ಇಬ್ಬರಿಗೂ ಕೇಡು. ಮರೆತ ಉದಾಹರಣೆಗಾಗಿ ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಅದು ನಮ್ಮ ದೇಶದಲ್ಲಿಯೇ ಇದೆ.

ಅದು ಗಂಜೀಫಾ. ಪರ್ಷಿಯದ ಕಡೆಯಿಂದ ಬಂದ ಈ ಎಲೆಯಾಟವು ಮೊಗಲರ ಕಾಲದಲ್ಲಿ ಭಾರತದಲ್ಲಿ ಹರಡಿತು. ಸಿಂಧ್ ಪ್ರಾಂತದ ಷಾ ಹಸನನಿಗೆ ೧೫೨೭ರಲ್ಲಿ ಗಂಜೀಫಾ ಎಲೆಗಳನ್ನು ಕಳುಹಿಸಿದುದನ್ನು ಬಾಬರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಕ್ಬರನ ಆಸ್ಥಾನದ ಗಂಜೀಫಾವನ್ನು ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ವರ್ಣಿಸಿದ್ದಾನೆ. ಎಲೆಗಳು ಸಾಮಾನ್ಯವಾಗಿ ದುಂಡಗೆ, ನಾಣ್ಯದ ಆಕಾರ. ಮೊಗಲ ಪದ್ಧತಿಯಲ್ಲಿ ಎಂಟು ಪಂಗಡ, ಪಂಗಡಕ್ಕೆ ೧೨ರಂತೆ ೯೬ ಎಲೆ. ಹಿಂದೂ ಕಲಾವಿದರು ಇದನ್ನೇ ದಶಾವತಾರಕ್ಕೆ ಹೊಂದಿಸಿ ಹತ್ತು ಪಂಗಡಗಳ ೧೨೦ ಎಲೆಗಳ ಕಟ್ಟನ್ನು ಮಾಡಿದರು. ಪ್ರತಿ ಪಂಗಡದಲ್ಲಿ ರಾಜನೊಬ್ಬ, ಮಂತ್ರಿಯೊಬ್ಬ, ಒಂದರಿಂದ ಹತ್ತರವರೆಗೆ ಅಂಕದ ಎಲೆಗಳು. ವಿಶೇಷವೆಂದರೆ, ಅರ್ಧ ಪಂಗಡಗಳಲ್ಲಿ ಹತ್ತು ದೊಡ್ಡದು; ಉಳಿದರ್ಧದಲ್ಲಿ ಒಂದೇ ದೊಡ್ಡದು. ಮೂವರು ಆಡುವ ಆಟ. ದಶಾವತಾರದ ಕಟ್ಟಿನಲ್ಲಿ ಹಗಲಾದರೆ ರಾಮನ ಎಲೆಯುಳ್ಳವನು, ರಾತ್ರಿಯಾದರೆ ಕೃಷ್ಣನ ಎಲೆಯುಳ್ಳವನು ಆಟವನ್ನು ಪ್ರಾರಂಭಿಸುತ್ತಾನೆ. ಹುಕುಮೆಂಬುದು ಇದರಲ್ಲಿಲ್ಲ. ಬಿದ್ದ ಎಲೆಗಳನ್ನು ನೆನಪಿನಲ್ಲಿಡಬಲ್ಲವನೇ ಗೆಲ್ಲುತ್ತಾನೆ.

ಗಂಜೀಫಾ ಎಲೆಗಳಲ್ಲಿ ಎರಡು ಜಾತಿಗಳಿದ್ದವು. ಒಂದು 'ದರ್ಬಾರ್ ಕಲಂ', ಇನ್ನೊಂದು 'ಬಾಜಾರ್ ಕಲಂ'. ಮೊದಲನೆಯದನ್ನು ದಂತ, ಆಮೆಯ ಚಿಪ್ಪು ಮುಂತಾದ ಬೆಲೆಯುಳ್ಳ ಪದಾರ್ಥಗಳಿಂದ ಮಾಡಿ ನುರಿತ ಚಿತ್ರಗಾರರಿಂದ ಬರೆಯಿಸುತ್ತಿದ್ದರು. ಅದು ಅರಸರ, ಶ್ರೀಮಂತರ ಮನೆಗೆ. ಎರಡನೆಯದು ಬಟ್ಟೆಯ ಪದರಗಳನ್ನು ಅಂಟಿಸಿ ಗಟ್ಟಿಮಾಡಿದ್ದು, ಇಲ್ಲವೆ ಕಾಗದದ್ದು, ತಾಳೆಗರಿಯದು. ಅದರಲ್ಲಿ ರಾಜನ ಮುಖ ನಾಲ್ಕು ಗೆರೆಗಳಲ್ಲಿ ಮುಗಿಯುತ್ತಿತ್ತು. ಅದು ಪೇಟೆಯ ಜನಕ್ಕೆ. ಆದರೆ ಎರಡರ ನಿಯಮವೂ ಒಂದೇ. ದಂತದ ರಾಮನಿಗೂ ಬಟ್ಟೆಯ ರಾಮನಿಗೂ ಬಲದಲ್ಲಿ ಭೇದವಿರಲಿಲ್ಲ. ಕಣ್ಣಿಗೆ ಹಬ್ಬವಾದುದನ್ನು ಬಯಸುವವನು ದರ್ಬಾರಿನದನ್ನು ಕೊಳ್ಳಲಿ, ಆಡಬಯಸುವವನು ಬಾಜಾರಿನದನ್ನು ಕೊಳ್ಳಲಿ. ಇಂದಿನ ಸಂಸ್ಥೆಗಳು ತಡವರಿಸುತ್ತಿರುವ ಪ್ರಶ್ನೆಗೆ ನಮ್ಮ ಕುಶಲಕರ್ಮಿಗಳು ಕಂಡುಕೊಂಡಿದ್ದ ಉತ್ತರ ಇದೇ ಎಂದು ನನ್ನ ಅಭಿಪ್ರಾಯ.

ಈ ಕಲೆಯನ್ನು ಕನ್ನಡನಾಡಿನಲ್ಲಿ ಶಿಖರಕ್ಕೇರಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮). ೧೮೩೧ರಲ್ಲಿ ರಾಜ್ಯದ ಆಡಳಿತ ಬ್ರಿಟಿಷರ ಕೈಸೇರಿದ ಮೇಲೆ ಅವರು ಕಲೆ, ಸಾಹಿತ್ಯ, ಕ್ರೀಡೆಗಳಲ್ಲಿ ಮನಸ್ಸನ್ನು ತೊಡಗಿಸಿದರು. ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ 'ಛದ' ಎಂಬ ಹೆಸರಿನ ೧೩ ಎಲೆಯಾಟಗಳ ವಿವರವಿದೆ. ಅವುಗಳಲ್ಲಿ ಚಿಕ್ಕದಕ್ಕೆ ೩೬ ಎಲೆ; ಅತ್ಯಂತ ದೊಡ್ಡದಕ್ಕೆ ೩೬೦. ದೇವತೆಗಳ, ಗ್ರಹಗಳ, ಪುರಾಣಕಥೆಗಳ ಚಿತ್ರಗಳಿಂದ ತುಂಬಿದ ಆ ಎಲೆಗಳ ಸೊಬಗು ಅಸಾಧಾರಣ. ಆದರೆ ೩೬೦ ಎಲೆಗಳ ಕಟ್ಟೊಂದನ್ನು ಬರೆಯಿಸಬಲ್ಲ ರೈತನಾರು? ಅದನ್ನು ಕಲಿತು ಆಡಲು ಬೇಕಾದಷ್ಟು ವಿರಾಮ ಯಾರಿಗಿದ್ದೀತು? ಛದದ ಆಟಗಳು ಅರಮನೆಯ ಹೊರಗೆ ವ್ಯಾಪಕವಾಗಿ ಹರಡಲಿಲ್ಲ. ದರ್ಬಾರ್ ಕಲಮಿಗೆ ತಕ್ಕ ಬಾಜಾರ್ ಕಲಂ ಅವಕ್ಕೆ ಹುಟ್ಟಲಿಲ್ಲ.

ಅತ್ತ ಯಂತ್ರದಲ್ಲಿ ಅಚ್ಚಾದ ೫೨ ಎಲೆಗಳ ಕಟ್ಟು ಅಗ್ಗದ ಬೆಲೆಗೆ ಊರೂರಿಗೂ ಬಂದಿತು. ಕೈಯಲ್ಲಿ ಬರೆದ ಗಂಜೀಫಾ ಅದರೊಡನೆ ಬೆಲೆಯಲ್ಲಿ ಸ್ಪರ್ಧಿಸಲಾರದೆ ಹೋಯಿತು. ಮೊದಲು ಬಾಜಾರಿನ ಗಿರಾಕಿ ತಪ್ಪಿದನು. ಹಿಂದೆಯೇ ಅರಮನೆಯ ಆಶ್ರಯವೂ ತಪ್ಪಿತು. ಇಂದು ಮೈಸೂರಿನ ಗಂಜೀಫಾಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಆ ಚಿತ್ರಕಲೆಗೆ ಮತ್ತೆ ಜೀವ ತುಂಬಿದ್ದಾರೆ. ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಅಲ್ಲಿನ ರಾಜಮನೆತನದವರ ಪ್ರಯತ್ನದಿಂದ ಗಂಜೀಫಾ ತಯಾರಿಕೆ ಉಳಿದುಬಂದಿದೆ. ಇದೆಲ್ಲವೂ ಸಂತೋಷದ ಸಂಗತಿ. ಆದರೆ ಕೊಂಡವರಲ್ಲಿ ಬಹುಮಂದಿ ಅದನ್ನು ಚೌಕಟ್ಟಿನಲ್ಲಿ ಕೂರಿಸಿ ಗೋಡೆಗೆ ತೂಗುಹಾಕುತ್ತಾರೆ. ಆಡುವವರನ್ನು ಬೆರಳ ಮೇಲೆ ಎಣಿಸಬೇಕು. ನಮ್ಮ ನೆರೆಯ ಸುರಪುರದ ಚಿತ್ರಗಳನ್ನು ನಾವು ಗೋಡೆಯ ಮೇಲೆ ನೋಡಿ ಮೆಚ್ಚಿದರೆ ಆ ಕಲೆಗೆ ಅನ್ಯಾಯವಿಲ್ಲ. ಚಿತ್ರ ಹುಟ್ಟಿದ್ದೇ ನೋಡುವುದಕ್ಕೆ. ಗಂಜೀಫಾ ಹುಟ್ಟಿದ್ದು ಕೈಯಲ್ಲಿ ಹಿಡಿಯುವುದಕ್ಕೆ. ಗೋಡೆಯ ಮೇಲೆ ಅದರ ಅರ್ಧವಷ್ಟೇ ಉಳಿದಿದೆ.

ಹಾಗೆಂದು ಸಂಗ್ರಾಹಕನನ್ನು ಖಳನಾಯಕನಾಗಿ ಚಿತ್ರಿಸುವುದು ಸರಿಯಲ್ಲ. ಬಾಜಾರಿನ ಎಲೆಗಳು ಸವೆದು ಕಸದ ಪಾಲಾದಾಗ ಕೂಡಿಟ್ಟವರೇ ಸಾಕ್ಷಿಯನ್ನು ಉಳಿಸಿದರು. ಭಾರತದಲ್ಲಿ ನೆಲೆಸಿದ್ದ ಜರ್ಮನ್ ಮೂಲದ ರುಡಾಲ್ಫ್ ಫಾನ್ ಲೈಡನ್ ಗಂಜೀಫಾ ಎಲೆಗಳನ್ನು ಸಂಗ್ರಹಿಸಿದುದಷ್ಟೇ ಅಲ್ಲದೆ ಅವುಗಳ ಇತಿಹಾಸವನ್ನೂ ಆಟದ ಕ್ರಮವನ್ನೂ ಕುರಿತು ಗ್ರಂಥಗಳನ್ನು ಬರೆದರು. ಮೈಸೂರಿನ ಛದವನ್ನೂ ಅಭ್ಯಾಸಮಾಡಿದರು. ಇಂಥವರಿಲ್ಲದಿದ್ದರೆ ನಾವು ಇಂದು ಆಡಬೇಕೆಂದರೂ ನಿಯಮ ತಿಳಿಯದೆ ಕೂರಬೇಕಾಗುತ್ತಿತ್ತು. ಆಟಗಾರನು ಆಟಕ್ಕೆ ಉಸಿರು ಕೊಟ್ಟರೆ ಸಂಗ್ರಾಹಕನು ಅದಕ್ಕೆ ನೆನಪು ಕೊಡುತ್ತಾನೆ. ಇಬ್ಬರೂ ಬೇಕು. ಪ್ರಶ್ನೆಯಿರುವುದು ಯಾರಿಗೆ ಯಾವುದನ್ನು ಕೊಡಬೇಕೆಂಬುದರಲ್ಲಿ.

ನನಗೆ ತೋರುವ ಪರಿಹಾರವನ್ನು ಮೂರು ಮಾತಿನಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, ಬಲ ಎಲ್ಲರಿಗೂ ದೊರೆಯಲಿ. ಅಲಂಕಾರ ಮಾತ್ರ ವಿರಳವಾಗಿರಲಿ. ೨೦೨೩ರಲ್ಲಿ ಮ್ಯಾಜಿಕ್ ಸಂಸ್ಥೆಯು 'ದ ಒನ್ ರಿಂಗ್' ಎಂಬ ಎಲೆಯ ಒಂದು ವಿಶೇಷ ಪ್ರತಿಯನ್ನು ಜಗತ್ತಿಗೆಲ್ಲ ಒಂದೇ ಒಂದು ಎಂಬಂತೆ ಅಚ್ಚುಹಾಕಿಸಿತು. ಪೋಸ್ಟ್ ಮಲೋನ್ ಎಂಬ ಗಾಯಕನು ಅದನ್ನು ಸುಮಾರು ೨೦ ಲಕ್ಷ ಡಾಲರಿಗೆ ಕೊಂಡನೆಂದು ಪತ್ರಿಕೆಗಳು ವರದಿಮಾಡಿದವು. ಆದರೆ ಅದೇ ಬಲದ ಅದೇ ಹೆಸರಿನ ಸಾಮಾನ್ಯ ಎಲೆಗಳು ಇತರರಿಗೂ ದೊರೆಯುತ್ತಿದ್ದವು. ೨೦ ಲಕ್ಷ ಡಾಲರಿನ ಎಲೆಯನ್ನು ಹಿಡಿದವನಿಗೆ ಆಟದಲ್ಲಿ ಒಂದು ಅಂಕವೂ ಹೆಚ್ಚಿಗೆ ಸಿಗುವಂತಿರಲಿಲ್ಲ. ಇದು ದರ್ಬಾರ್ ಕಲಮಿನ ನೀತಿಯೇ ಹೊರತು ಬೇರಲ್ಲ.

ಎರಡನೆಯದಾಗಿ, ಮರುಮುದ್ರಣ ನಡೆಯಲಿ. ಆದರೆ ಮೊದಲ ಮುದ್ರಣಕ್ಕೂ ಮರುಮುದ್ರಣಕ್ಕೂ ಗುರುತು ಬೇರೆಯಿರಲಿ. ಪುಸ್ತಕಲೋಕದಲ್ಲಿ ಇದು ಹಳೆಯ ರೂಢಿ. ಕಾದಂಬರಿಯೊಂದು ಇಪ್ಪತ್ತು ಸಲ ಅಚ್ಚಾದರೂ ಅದರ ಮೊದಲ ಮುದ್ರಣದ ಪ್ರತಿಗೆ ಗೌರವ ಕುಂದುವುದಿಲ್ಲ. ಓದುವವನಿಗೆ ಇಪ್ಪತ್ತನೆಯದೂ ಸಾಕು. ಜಪಾನಿನಲ್ಲಿ ೧೯೯೬ರಲ್ಲಿ ಪ್ರಾರಂಭವಾದ ಪೋಕೆಮಾನ್ ಎಲೆಯಾಟದ ಇಂಗ್ಲಿಷ್ ಆವೃತ್ತಿ ೧೯೯೯ರಲ್ಲಿ ಬಂದಾಗ ಮೊದಲ ಮುದ್ರಣದ ಎಲೆಗಳ ಮೇಲೆ ಅದನ್ನು ಸೂಚಿಸುವ ಮುದ್ರೆಯಿತ್ತು. ಅದರಲ್ಲಿನ 'ಚಾರಿಜಾರ್ಡ್' ಎಂಬ ಎಲೆ ೨೦೨೧ರ ಸ್ಮಾರಕ ಸಂಚಯದಲ್ಲಿ ಬೇರೆ ಗುರುತಿನೊಡನೆ ಮತ್ತೆ ಅಚ್ಚಾಯಿತು. ಆದರೂ ಮೊದಲಿನದರ ಬೆಲೆ ಮಣ್ಣುಪಾಲಾಗಲಿಲ್ಲ.

ಇದೇ ೨೦೨೧ರಲ್ಲಿ ಪೋಕೆಮಾನ್ ಎಲೆಗಳನ್ನು ಮರುಮಾರಾಟಕ್ಕಾಗಿ ಬಾಚಿಕೊಳ್ಳುವವರ ಹಾವಳಿ ಎಷ್ಟಾಯಿತೆಂದರೆ, ಅಮೆರಿಕದ 'ಟಾರ್ಗೆಟ್' ಮಳಿಗೆಗಳು ಹೊಡೆದಾಟವೊಂದರ ತರುವಾಯ ಅಂಗಡಿಯಲ್ಲಿ ಅವುಗಳ ಮಾರಾಟವನ್ನೇ ಕೆಲಕಾಲ ನಿಲ್ಲಿಸಿದವು. ಆಡುವ ಮಕ್ಕಳು ಬರಿಗೈಯಲ್ಲಿ ಮರಳಿದರು. ತಯಾರಕರು ಅದಕ್ಕೆ ಕಂಡುಕೊಂಡ ಮದ್ದು ಹೆಚ್ಚು ಅಚ್ಚುಹಾಕುವುದು. ೨೦೨೨ರ ಮಾರ್ಚಿಗೆ ಕೊನೆಗೊಂಡ ಒಂದೇ ವರ್ಷದಲ್ಲಿ ೯೦೦ ಕೋಟಿಗೂ ಮಿಕ್ಕಿ ಎಲೆಗಳು ಅಚ್ಚಾದವು.

ಮೂರನೆಯದಾಗಿ, ಇಬ್ಬರಿಗೂ ಸಲ್ಲದುದನ್ನು ಮಾಡಬಾರದು. ೨೦೨೨ರಲ್ಲಿ ಮ್ಯಾಜಿಕ್ ಆಟದ ಮೂವತ್ತನೆಯ ವರ್ಷದ ನೆನಪಿಗೆಂದು ಆ ಸಂಸ್ಥೆ ೬೦ ಎಲೆಗಳನ್ನು ೯೯೯ ಡಾಲರಿಗೆ ಮಾರಿತು. ಎಲೆಯೊಂದಕ್ಕೆ ೧೬ ಡಾಲರಿಗೂ ಹೆಚ್ಚಾಯಿತು. ಅವು ಹಳೆಯ ಎಲೆಗಳ ಪ್ರತಿರೂಪಗಳು. ಆದರೆ ಹಿಂಬದಿಯ ಚಿತ್ರ ಬೇರೆ, ಮಾನ್ಯವಾದ ಪಂದ್ಯಗಳಲ್ಲಿ ಆಡುವಂತಿಲ್ಲ. ಆಟಗಾರನಿಗೆ ಆಡಲು ಬಾರದ, ಸಂಗ್ರಾಹಕನಿಗೆ ಮೂಲವಲ್ಲದ ವಸ್ತು! ಎರಡೂ ಕಡೆಯಿಂದ ಟೀಕೆ ಬಂದುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು: ಮುಚ್ಚಿದ ಪೊಟ್ಟಣವೇ ಒಂದು ಜೂಜಲ್ಲವೇ? ಈ ಮಾತಿನಲ್ಲಿ ಹುರುಳಿದೆ. ಪೊಟ್ಟಣವನ್ನು ಆಡುವುದಕ್ಕಾಗಿ ಕೊಂಡರೆ ಒಳಗೆ ಏನು ಬಂದರೂ ಸ್ವಲ್ಪವಾದರೂ ಪ್ರಯೋಜನವುಂಟು. ಅದನ್ನು ಒಂದು ದುಬಾರಿ ಎಲೆಯ ಆಸೆಯಿಂದಷ್ಟೇ ಕೊಂಡರೆ ಅದಕ್ಕೂ ಲಾಟರಿಗೂ ವ್ಯತ್ಯಾಸವಿಲ್ಲ. ಎಲೆಯ ಬೆಲೆ ಆಟದ ಬೆಲೆಯನ್ನು ಮೀರಿ ಏರಿದಷ್ಟೂ ಜೂಜಿನ ಅಂಶ ಹೆಚ್ಚುತ್ತದೆ. ಆದುದರಿಂದ ಆಡುವ ಎಲೆಗಳು ಅಗ್ಗವಾಗಿಯೂ ಧಾರಾಳವಾಗಿಯೂ ಸಿಗಬೇಕೆಂಬುದು ಆಟಗಾರನ ಸ್ವಾರ್ಥ ಮಾತ್ರವಲ್ಲ; ಅದು ಎಳೆಯರ ಹಿತದ ಮಾತೂ ಹೌದು. ಈ ದೃಷ್ಟಿಯಿಂದ ಗೆಳೆಯರ ಕೂಟಗಳಲ್ಲಿ ರೂಢಿಯಿರುವ ಒಂದು ಪದ್ಧತಿ ನನಗೆ ಮೆಚ್ಚಿಗೆಯಾಗಿದೆ. ದುಬಾರಿ ಎಲೆಯ ಬದಲು ಬಿಳಿಯ ಕಾಗದದ ಮೇಲೆ ಅದರ ಹೆಸರನ್ನು ಬರೆದುಕೊಂಡು ಆಡುವುದನ್ನು ಅವರು ಪರಸ್ಪರ ಒಪ್ಪಿಕೊಳ್ಳುತ್ತಾರೆ. ಮಾರುವುದಕ್ಕಾಗಿ ಮಾಡಿದ ಕಳ್ಳ ಎಲೆ ವಂಚನೆ. ಎಲ್ಲರಿಗೂ ತಿಳಿದಿರುವಂತೆ ಆಡುವುದಕ್ಕಾಗಿ ಬರೆದುಕೊಂಡ ಎಲೆ ವಂಚನೆಯಲ್ಲ.

ಇದನ್ನೆಲ್ಲ ಓದಿದ ಸಹಪಾಠಿಗಳು ಇದರಿಂದ ನಮಗಾಗಬೇಕಾದುದೇನು ಎಂದು ಕೇಳಬಹುದು. ಕೃಷ್ಣಾ ಭೀಮೆಯರ ನಡುವಿನ ಈ ಕರಿನೆಲದಲ್ಲಿ ೨೦ ಲಕ್ಷ ಡಾಲರಿನ ಎಲೆಯ ಚಿಂತೆ ಯಾರಿಗೂ ಇಲ್ಲ ನಿಜ. ಆದರೆ ಗಂಜೀಫಾ ನಮ್ಮದು. ಅದರ ಉಳಿದರ್ಧವನ್ನು ಮರಳಿ ತರುವುದಕ್ಕೆ ಅರಮನೆಯ ಆಶ್ರಯವಾಗಲಿ ಸರ್ಕಾರದ ಅನುದಾನವಾಗಲಿ ಬೇಕಿಲ್ಲ. ಕೆಲವು ಹಾಳೆ ದಪ್ಪ ಕಾಗದ, ಒಂದು ಬಟ್ಟಲು, ಒಂದು ಕತ್ತರಿ, ನಾಲ್ಕು ಬಣ್ಣದ ಪೆನ್ಸಿಲುಗಳಿದ್ದರೆ ಸಾಕು. ಬಟ್ಟಲನ್ನು ಬೋರಲಿಟ್ಟು ೧೨೦ ದುಂಡುಗಳನ್ನು ಗೀಚಿ ಕತ್ತರಿಸಬಹುದು. ಮೀನು, ಆಮೆ, ಹಂದಿ, ಸಿಂಹ, ಕೊಡೆ, ಕೊಡಲಿ, ಬಿಲ್ಲು ಮುಂತಾದ ಗುರುತುಗಳನ್ನು ಚಿತ್ರಕಲೆ ಬಾರದವನೂ ಬರೆದಾನು. ಮೂವರು ಕುಳಿತರೆ ತಲೆಗೆ ೪೦ ಎಲೆ. ಮಧ್ಯಾಹ್ನದ ಬಿಡುವಿನಲ್ಲಿ ಆಡುವುದಾದರೆ ರಾಮನಿಂದ ಪ್ರಾರಂಭ. ಹಣದ ಮಾತು ಬೇಡ. ಗೆದ್ದವನಿಗೆ ಸೋತವರಿಬ್ಬರೂ ಸೇರಿ ಚಹಾ ಕುಡಿಸಿದರೆ ಆಯಿತು.

ನಮ್ಮ ವಿದ್ಯಾರ್ಥಿ ಸಂಘದವರು ಕೇರಂ, ಚದುರಂಗಗಳ ಪಕ್ಕದಲ್ಲಿ ಇದಕ್ಕೂ ಒಂದು ಮೇಜನ್ನು ಹಾಕಿಕೊಡಬೇಕೆಂದು ಈ ಮೂಲಕ ಕೇಳಿಕೊಳ್ಳುತ್ತೇನೆ. ನಾವು ಬರೆದ ಒರಟು ಎಲೆಗಳು ವರ್ಷಾಂತ್ಯಕ್ಕೆ ಸವೆದು ಹರಿದುಹೋಗುತ್ತವೆ. ಹೋಗಲಿ, ಮುಂದಿನ ವರ್ಷದವರು ಮತ್ತೆ ಬರೆದುಕೊಳ್ಳುತ್ತಾರೆ. ಅವರಲ್ಲಿ ಯಾರಾದರೊಬ್ಬರು ನಾಳೆ ಮೈಸೂರಿನ ಕಲಾವಿದನಿಂದ ನಿಜವಾದ ಗಂಜೀಫಾ ಕಟ್ಟೊಂದನ್ನು ಕೊಂಡು ಜೋಪಾನವಾಗಿ ಕಾಪಾಡಿದರೆ ಅದು ಇನ್ನೂ ಒಳ್ಳೆಯದು. ತಾನು ಕಾಪಾಡುತ್ತಿರುವುದು ಏನೆಂಬುದು ಆಡಿ ಬಲ್ಲ ಅವರಿಗೆ ಗೊತ್ತಿರುತ್ತದೆ.